ಕಲಬುರಗಿ ಮಾತಿನ ಪುಸ್ತಕ ಯಾರ ಬಲ್ಲಿ ಅದ?

“ಸರ್, ಮಹಾದೇವನ್ ಅವ್ರ ಪುಸ್ತಕ ನಿಮ್ಮ ಬಲ್ಲಿ ಅದ ಏನ್ರೀ?”

ಕಲಬುರಗಿ ಸೀಮೆಯ ಮಾತಿನ ಮೇಲೆ ಕೆಲಸ ಮಾಡಹೊರಟವರು ಯಾರೇ ಆಗಲಿ, ಒಂದಿಲ್ಲೊಂದು ದಿನ ಈ ಪ್ರಶ್ನೆಯನ್ನು ಯಾರಿಗಾದರೂ ಕೇಳಲೇಬೇಕು. ಆರ್. ಮಹಾದೇವನ್ ಅವರ ‘ಗುಲ್ಬರ್ಗಾ ಕನ್ನಡ’ ಅಚ್ಚಾದದ್ದು 1968ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಿಂದ. ಇಂಗ್ಲಿಷಿನಲ್ಲಿರುವ ಪುಸ್ತಕ. ಈ ಊರಿನ ಮಾತಿನ ಧ್ವನಿಗಳನ್ನೂ ಪದಗಳನ್ನೂ ಶಾಸ್ತ್ರೀಯವಾಗಿ ವಿವರಿಸಿದ್ದರಲ್ಲಿ ಮೊದಲ ಸಾಲಿನದು. ಅದೇ ಕಾಲೇಜು ಅದರ ಹಿಂದಿನ ವರ್ಷ ಹಾಲಕ್ಕಿ ಕನ್ನಡದ ಮೇಲೆ, ಅದೇ ವರ್ಷ ನಂಜನಗೂಡು ಕನ್ನಡದ ಮೇಲೆ ಪುಸ್ತಕ ತಂದಿತ್ತು. ಆ ಕಾಲದಲ್ಲಿ ಕನ್ನಡದ ಉಪಭಾಷೆಗಳ ಅಧ್ಯಯನಕ್ಕೆ ಪುಣೆ ದೊಡ್ಡ ತಾಣ. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣವೂ 1958ರಲ್ಲಿ ಅಲ್ಲಿಂದಲೇ ಹೊರಬಂದಿತು.

ಹೀಗೆ ನಮ್ಮೂರಿನ ಮಾತು ರೈಲು ಹತ್ತಿ ಪುಣೆಗೆ ಹೋಗಿ ಪುಸ್ತಕವಾಯಿತು. ಅಲ್ಲಿಂದ ಜಗತ್ತಿನ ದೊಡ್ಡ ದೊಡ್ಡ ಗ್ರಂಥಾಲಯಗಳ ಕಪಾಟು ಸೇರಿತು. ಆದರೆ ಇಂದು ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಕುಳಿತ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಮಾತಿನ ವಿವರಣೆಯನ್ನು ಓದಬೇಕೆಂದರೆ ಪರಿಚಯದವರ ಪರಿಚಯದವರನ್ನು ಹಿಡಿದು, ಅವರ ಬಳಿ ಇರಬಹುದಾದ ಜೆರಾಕ್ಸ್ ಪ್ರತಿಗಾಗಿ ವಿನಂತಿಸಿಕೊಳ್ಳಬೇಕು. ನನ್ನ ಸಂಕಟ ಇರುವುದು ಇಲ್ಲಿ. ಕೇಳುವುದರಲ್ಲಿ ಅವಮಾನವೇನಿಲ್ಲ. ಭಾಷೆಯ ಸಂಶೋಧನೆ ಮೊದಲಿನಿಂದಲೂ ಕೇಳಿ ಪಡೆದೇ ಬೆಳೆದಿದೆ. ಆದರೆ ಇಲ್ಲಿಂದ ಹೊರಟದ್ದು ಇಲ್ಲಿಗೆ ಮರಳದಿದ್ದರೆ ಪ್ರತಿ ತಲೆಮಾರೂ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತಲೇ ಇರಬೇಕಾಗುತ್ತದೆ.

ಹೊರಗಿನವರಿಗೆ ಭಾಷಾವಿಜ್ಞಾನ ಎಂದರೆ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಮಾಡುವ ಕೆಲಸ ಅನ್ನಿಸಬಹುದು. ಒಳಗೆ ಹೋಗಿ ನೋಡಿದರೆ ಅದರ ಅರ್ಧ ಪಾಲು ಕೋರಿಕೆಯೇ. ಈ ವಿಷಯದ ಮೇಲೆ ಯಾರು ಬರೆದಿದ್ದಾರೆ, ಆ ಲೇಖನ ಯಾರ ಹತ್ತಿರವಿದೆ, ಪ್ರಶ್ನಾವಳಿ ಹೇಗೆ ಮಾಡಿದಿರಿ, ಧ್ವನಿ ಬಿಡಿಸಿ ನೋಡಲು ಯಾವ ಸಾಫ್ಟ್‌ವೇರ್ ಬಳಸಿದಿರಿ, ನಿಮ್ಮ ಪದಪಟ್ಟಿ ಒಂದಿಷ್ಟು ಕೊಡುತ್ತೀರಾ, ಎಂದು ಕೇಳುತ್ತಲೇ ಇರಬೇಕು. ಒಬ್ಬನೇ ಕುಳಿತು ಇಡೀ ಭಾಷೆಯನ್ನು ಕಂಡವರು ಯಾರೂ ಇಲ್ಲ.

ಭಾರತದ ಬಹು ದೊಡ್ಡ ಭಾಷಾ ಸಮೀಕ್ಷೆಯೊಂದು ನಡೆದದ್ದೂ ಹೀಗೆ ಕೇಳಿಯೇ. ಜಾರ್ಜ್ ಗ್ರಿಯರ್ಸನ್ 1898ರಿಂದ 1928ರವರೆಗೆ ನಡೆಸಿದ ಲಿಂಗ್ವಿಸ್ಟಿಕ್ ಸರ್ವೆ ಆಫ್ ಇಂಡಿಯಾಗಾಗಿ ಅವರು ಊರೂರು ತಿರುಗಲಿಲ್ಲ. ಜಿಲ್ಲೆಗಳ ಅಧಿಕಾರಿಗಳಿಗೆ ಕಾಗದ ಕಳಿಸಿದರು. ಬೈಬಲಿನ ‘ದಾರಿ ತಪ್ಪಿದ ಮಗ’ನ ಕತೆಯನ್ನು ಸ್ಥಳೀಯ ಮಾತಿಗೆ ತಿರುಗಿಸಿ ಕೊಡಿ, ಜನರೇ ಹೇಳಿದ ಇನ್ನೊಂದು ಕತೆ ಬರೆಸಿ ಕಳಿಸಿ, ಈ 241 ಪದ ಮತ್ತು ವಾಕ್ಯಗಳಿಗೆ ನಿಮ್ಮಲ್ಲಿ ಏನನ್ನುತ್ತಾರೋ ತುಂಬಿಸಿ ಎಂದು ಕೋರಿದರು. ಉತ್ತರಗಳು ಬಂದವು. ಹನ್ನೊಂದು ಸಂಪುಟಗಳಾದವು. ದ್ರಾವಿಡ ಭಾಷೆಗಳ ನಾಲ್ಕನೆಯ ಸಂಪುಟವನ್ನು ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊವ್ ಸಿದ್ಧಪಡಿಸಿದರು. ಅದು 1906ರಲ್ಲಿ ಪ್ರಕಟವಾಯಿತು.

ಆ ಸಂಪುಟದಲ್ಲಿ ನಮ್ಮ ಕಲಬುರಗಿ ಮಾತು ಎಲ್ಲಿ ಎಂದು ಹುಡುಕಿದರೆ ನಿರಾಸೆಯಾಗುತ್ತದೆ. ಸಮೀಕ್ಷೆಯಿಂದ ಮದ್ರಾಸ್ ಪ್ರಾಂತ್ಯ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳನ್ನು ಹೊರಗಿಡಲಾಗಿತ್ತು. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ವಿಜಯಪುರದ ಕಡೆಯ ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿತು. ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳಿಗೆ ಸಿಗಲಿಲ್ಲ. ಆಡಳಿತದ ಗೆರೆಯೊಂದು ಇಡೀ ಸೀಮೆಯ ಮಾತನ್ನು ದಾಖಲೆಯಿಂದ ಹೊರಗೆ ಬಿಟ್ಟಿತು. ‘ಹಿಂದುಳಿದ ಪ್ರದೇಶ’ ಎಂಬ ಮಾತನ್ನು ನಾವು ರಸ್ತೆ, ನೀರು, ಆಸ್ಪತ್ರೆಗಳ ಲೆಕ್ಕದಲ್ಲಿ ಆಡುತ್ತೇವೆ. ಭಾಷೆಯ ದಾಖಲೆಯಲ್ಲೂ ನಮ್ಮನ್ನು ಹಿಂದೆ ಬಿಡಲಾಗಿದೆ ಎಂಬುದನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ.

ಅದಕ್ಕೇ 1968ರ ಆ ಪುಸ್ತಕಕ್ಕೆ ಇಷ್ಟು ಬೆಲೆ. ಅದು ಸಿಗದಿರಲು ಇನ್ನೊಂದು ಸಣ್ಣ ಕಾರಣವೂ ಇದೆ. ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ‘ಕಲಬುರಗಿ’ ಎಂದು ಹೊಡೆದು ಹುಡುಕುತ್ತಾರೆ. ಊರಿನ ಹೆಸರು ಸರ್ಕಾರಿ ದಾಖಲೆಯಲ್ಲಿ ಹಾಗೆ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನದೆಲ್ಲ ‘ಗುಲ್ಬರ್ಗಾ’ ಹೆಸರಿನಲ್ಲಿದೆ. ಇನ್ನೂ ಹಿಂದೆ ಹೋದರೆ ಕನ್ನಡವೇ ‘ಕ್ಯಾನರೀಸ್’ ಆಗುತ್ತದೆ. ಅದಕ್ಕೂ ಕೆ, ಸಿ ಎಂದು ಎರಡು ಬಗೆಯ ಕಾಗುಣಿತ. ಇದನ್ನು ಒಬ್ಬ ಅನುಭವಿ ಗ್ರಂಥಪಾಲಕರೋ ಹಿರಿಯ ಅಧ್ಯಾಪಕರೋ ಎರಡು ನಿಮಿಷದಲ್ಲಿ ಹೇಳಿಕೊಡಬಲ್ಲರು. ಹೇಳಿಕೊಡುವವರು ಸಿಗದಿದ್ದರೆ ಎರಡು ವರ್ಷ ಕಳೆದರೂ ‘ಈ ವಿಷಯದ ಮೇಲೆ ಏನೂ ಕೆಲಸ ಆಗಿಲ್ಲ’ ಎಂದೇ ಪ್ರಬಂಧದ ಮೊದಲ ಅಧ್ಯಾಯ ಬರೆಯುತ್ತಾರೆ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಊರಿಗೆ ಹೊರಟವರನ್ನು ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿಸಿದರೆ “ಊರಿಗಿ ಹೋಗ್ಲಕತ್ತೀನಿ” ಅನ್ನುತ್ತಾರೆ. ಮೈಸೂರಿನ ಕಿವಿಗೆ ಇದು ಒಂದೇ ಉಸಿರಿನ ಉದ್ದ ಪದ. ಬಿಡಿಸಿದರೆ ಒಳಗೆ ನಾಲ್ಕು ತುಂಡುಗಳಿವೆ: ಹೋಗ್ – ಲಿಕ್ಕೆ – ಹತ್ತ್ – ಈನಿ. ಮೊದಲನೆಯದು ಕ್ರಿಯೆ. ಎರಡನೆಯದು ‘ಸಲುವಾಗಿ’ ಎಂಬ ಅರ್ಥದ ಪ್ರತ್ಯಯ. ನಾಲ್ಕನೆಯದು ‘ನಾನು’ ಎಂಬುದನ್ನು ಹೇಳುತ್ತದೆ. ಬಂದೀನಿ, ತಿಂದೀನಿ ಎನ್ನುವಾಗ ಇರುವುದೂ ಅದೇ. ಜೀವ ಇರುವುದು ಮೂರನೆಯದರಲ್ಲಿ. ಬೆಂಕಿ ಹತ್ತುತ್ತದೆ, ಅಂಟು ಹತ್ತುತ್ತದೆ, ಮಳೆ ಹತ್ತಿಕೊಳ್ಳುತ್ತದೆ. ಅಂಟಿಕೊಳ್ಳುವ, ಶುರುವಾಗುವ ಅರ್ಥದ ಆ ‘ಹತ್ತು’ ಇಲ್ಲಿ ತನ್ನ ಸ್ವಂತ ಅರ್ಥ ಸವೆದು, ಕೆಲಸ ನಡೆಯುತ್ತಿದೆ ಎಂಬುದರ ಗುರುತಾಗಿ ನಿಂತಿದೆ. ಮೈಸೂರು ಕಡೆ ಇದೇ ಕೆಲಸವನ್ನು ‘ಇರು’ ಮಾಡುತ್ತದೆ: ‘ಹೋಗ್ತಾ ಇದ್ದೀನಿ’. ಒಂದೇ ಭಾಷೆಯ ಎರಡು ಸೀಮೆಗಳು ಒಂದೇ ಅಗತ್ಯಕ್ಕೆ ಎರಡು ಬೇರೆ ಕ್ರಿಯಾಪದಗಳನ್ನು ದುಡಿಸಿಕೊಂಡಿವೆ. ಪೂರ್ಣ ಅರ್ಥದ ಪದ ಹೀಗೆ ವ್ಯಾಕರಣದ ಕೆಲಸಕ್ಕೆ ಇಳಿಯುವುದನ್ನು ಜಗತ್ತಿನ ನೂರಾರು ಭಾಷೆಗಳಲ್ಲಿ ಗುರುತಿಸಿದ್ದಾರೆ. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಸಾವಿರ ಸಲ ಕಿವಿಗೆ ಬೀಳುವ ಈ ಪದವೂ ಆ ಸಾಲಿಗೆ ಸೇರಿದ್ದು.

ಹೀಗೆ ತುಂಡು ತುಂಡು ಮಾಡಿ ಒಂದೊಂದರ ಕೆಳಗೆ ಅದರ ಕೆಲಸವನ್ನು ಬರೆಯುವುದಕ್ಕೂ ಒಪ್ಪಿತ ಕ್ರಮವಿದೆ. ಜರ್ಮನಿಯ ಲೈಪ್ಸಿಗ್‌ನ ವಿದ್ವಾಂಸರು ರೂಪಿಸಿದ ನಿಯಮಗಳನ್ನು ಈಗ ಎಲ್ಲೆಡೆ ಪಾಲಿಸುತ್ತಾರೆ. ಕೆಲವೇ ಪುಟಗಳ ದಸ್ತಾವೇಜು, ಉಚಿತವಾಗಿ ಸಿಗುತ್ತದೆ. ಇದನ್ನು ನೋಡದೆಯೇ ಎಂ.ಎ. ಮುಗಿಸಿದವರು ನಮ್ಮಲ್ಲಿ ಇದ್ದಾರೆ. ಇದು ಅವರ ತಪ್ಪಲ್ಲ, ಹೇಳುವವರು ಇರಲಿಲ್ಲ.

ಈ ಸೀಮೆಯ ಮಾತೆಂದರೆ ಕನ್ನಡವೊಂದೇ ಅಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು ಮೂವತ್ತೈದು ಕಿಲೋಮೀಟರಿಗೆ ಕಮಲಾಪುರ. ಕೆಂಪು ಬಾಳೆಯಿಂದ ಹೆಸರಾದ ಊರು. ಈಗ ಅದು ತಾಲ್ಲೂಕು ಕೇಂದ್ರವೂ ಹೌದು. ಸುತ್ತ ಅನೇಕ ತಾಂಡಾಗಳಿವೆ. ಇಲ್ಲಿಯ ಲಂಬಾಣಿ ಮನೆಯೊಳಗೆ ಆಡುವ ಮಾತು ಕನ್ನಡದ ಕುಲದ್ದಲ್ಲ. ರಾಜಸ್ಥಾನದ ಕಡೆಯ ಮಾತುಗಳಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ತಾಯಿ ಯಾಡಿ, ರೊಟ್ಟಿ ಬಾಟಿ, ನೀರು ಪಾಣಿ. ತಾಂಡಾ ದಾಟಿ ಸಂತೆಗೆ ಬಂದ ಕೂಡಲೇ ಅದೇ ಬಾಯಲ್ಲಿ ಅಚ್ಚ ಕಲಬುರಗಿ ಕನ್ನಡ. ಮಕ್ಕಳು ಬೆಳಿಗ್ಗೆ ಯಾಡಿಯ ಮಾತಿನಲ್ಲಿ ಎದ್ದು, ಶಾಲೆಯಲ್ಲಿ ಪುಸ್ತಕದ ಕನ್ನಡ ಓದಿ, ಸಂಜೆ ಅಂಗಡಿಯಲ್ಲಿ ಮೂರನೆಯ ಬಗೆಯ ಮಾತಾಡಿ ಮನೆಗೆ ಮರಳುತ್ತಾರೆ.

ಈ ಭಾಷೆಯ ಮೇಲೆ ಆಕರ ಹುಡುಕುವವರ ಪಾಡು ಇನ್ನೂ ಕಷ್ಟ. ಲಂಬಾಣಿ, ಲಮಾಣಿ, ಲಂಬಾಡಿ, ಬಂಜಾರ, ಸುಗಾಲಿ, ಗೋರ್‌ಬೋಲಿ, ಗೋರ್‌ಮಾಟಿ: ಇಷ್ಟೂ ಒಂದೇ ಭಾಷೆಯ ಹೆಸರುಗಳು. ಗ್ರಿಯರ್ಸನ್ ಇದನ್ನು ಒಂಬತ್ತನೆಯ ಸಂಪುಟದ ಮೂರನೆಯ ಭಾಗದಲ್ಲಿ, 1907ರಲ್ಲಿ, ಭಿಲ್ ಭಾಷೆಗಳ ಜೊತೆ ಇಟ್ಟಿದ್ದಾರೆ. ರೊನಾಲ್ಡ್ ಟ್ರೇಲ್ 1970ರಲ್ಲಿ ಪ್ರಕಟಿಸಿದ ವ್ಯಾಕರಣದ ಹೆಸರಿನಲ್ಲಿ ಇರುವುದು ‘ಲಮಾಣಿ’. ಜನಗಣತಿಯಲ್ಲಿ ನೋಡಿದರೆ ಅದು ಹಿಂದಿಯ ಕೆಳಗೆ ಅಡಗಿದೆ: 2011ರಲ್ಲಿ ಲಮಾಣಿ/ಲಂಬಾಡಿ ತಾಯ್ನುಡಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನ ಹಿಂದಿಯ ಒಟ್ಟು ಲೆಕ್ಕದೊಳಗೆ ಸೇರಿದ್ದಾರೆ. ‘ಬಂಜಾರಿ’ ಎಂದು ಬರೆಸಿದವರು ಅಲ್ಲಿಯೇ ಬೇರೊಂದು ಸಾಲಿನಲ್ಲಿದ್ದಾರೆ. ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಇದಕ್ಕೆ ಎಲ್‌ಎಂಎನ್ ಎಂಬ ಮೂರಕ್ಷರ ಕೊಟ್ಟಿದ್ದಾರೆ. ಯಾವ ಹೆಸರಿಂದ ಹುಡುಕಿದರೂ ಒಂದೇ ಕಡೆ ಬಂದು ಮುಟ್ಟಲಿ ಎಂಬುದೇ ಆ ಸಂಕೇತದ ಉದ್ದೇಶ. ಈ ಒಂದು ಮಾಹಿತಿ ತಿಳಿದರೆ ವಿದ್ಯಾರ್ಥಿಯ ಆರು ತಿಂಗಳು ಉಳಿಯುತ್ತದೆ.

ಇನ್ನೊಂದು ತೊಡಕು ಲಿಪಿಯದು. ಈ ಭಾಷೆಯನ್ನು ಕರ್ನಾಟಕದಲ್ಲಿ ಕನ್ನಡ ಅಕ್ಷರದಲ್ಲಿ, ತೆಲಂಗಾಣ ಮತ್ತು ಆಂಧ್ರದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಕಮಲಾಪುರದಿಂದ ತೆಲಂಗಾಣ, ಮಹಾರಾಷ್ಟ್ರ ಎರಡರ ಗಡಿಗಳೂ ದೂರವಿಲ್ಲ. ಗಡಿಯಾಚೆಯ ತಾಂಡಾದಲ್ಲಿ ಅದೇ ಕತೆಯನ್ನು ಅದೇ ಮಾತಿನಲ್ಲಿ ಬರೆದಿಟ್ಟವರಿದ್ದರೂ ಈಚೆಯವರಿಗೆ ಓದಲು ಬರುವುದಿಲ್ಲ. ನಾಲ್ಕೂ ರಾಜ್ಯಗಳ ಸಂಶೋಧಕರು ಪರಸ್ಪರ ಕೈಜೋಡಿಸದೆ ಈ ಭಾಷೆಯ ಒಂದು ಒಳ್ಳೆಯ ನಿಘಂಟು ಆಗುವುದು ಸಾಧ್ಯವೇ ಇಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಹೊಲಕ್ಕೋ ತಾಂಡಾಕ್ಕೋ ಹೋಗುವ ಮುಂಚೆ ವಿದ್ಯಾರ್ಥಿ ಮೊದಲು ಕೇಳಿ ಪಡೆಯುವುದು ಪದಪಟ್ಟಿ. ಅಮೆರಿಕದ ಮೊರಿಸ್ ಸ್ವಾದೇಶ್ ಅವರ ಹೆಸರಿನ ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ. ಅದರ 207 ಪದಗಳ ರೂಪದಲ್ಲಿ ಕಣ್ಣು, ಕೈ, ನೀರು, ಬೆಂಕಿಗಳ ಜೊತೆಗೆ ಸಮುದ್ರ, ಹಿಮ, ಮಂಜುಗಡ್ಡೆಗಳೂ ಇವೆ. ಕಮಲಾಪುರದ ಹೊಲದ ಬದುವಿನಲ್ಲಿ ಕುಳಿತ ಮುತ್ಯಾನನ್ನು ಹಿಮಕ್ಕೆ ಏನಂತೀರಿ ಎಂದು ಕೇಳಿದರೆ ಏನು ಸಿಕ್ಕೀತು? ಬರ್ಫ್ ಎಂಬ ಉತ್ತರ ಸಿಗಬಹುದು, ಅಷ್ಟೇ. ಅದೇ ಮುತ್ಯಾನನ್ನು ಜೋಳದ ಬಗ್ಗೆ ಕೇಳಿ ನೋಡಿ. “ಮುತ್ಯಾ, ಹಸಿ ತೆನಿ ಸುಟ್ಟು ತಿಂತಾರಲ್ರಿ, ಅದಕ್ಕ ಏನಂತೀರಿ?” ಎಂದರೆ ‘ಸೀತನಿ’ ಎಂಬ ಪದ ಬರುತ್ತದೆ. ಸಿಹಿಯಾದ ತೆನೆ, ಸೀ-ತೆನೆ. ಕೊನೆಯ ಎಕಾರ ಇಕಾರವಾಗಿದೆ; ಮನೆ ಮನಿ ಆದಂತೆ, ಮಳೆ ಮಳಿ ಆದಂತೆ. ಒಂದು ಪದದಲ್ಲಿ ಬೆಳೆಯ ಕತೆಯೂ ಸಿಕ್ಕಿತು, ಧ್ವನಿನಿಯಮವೂ ಸಿಕ್ಕಿತು. ತೊಗರಿಗೆ ಬರುವ ರೋಗ ಕೇಳಿದರೆ ‘ನೆಟಿ’ ಬಿದ್ದದ್ದನ್ನು ಹೇಳುತ್ತಾರೆ, ಎಳ್ಳ ಅಮಾಸಿಗೆ ‘ಚರಗ’ ಚೆಲ್ಲುವುದನ್ನು ಹೇಳುತ್ತಾರೆ. ಪ್ರಶ್ನೆ ನೆಲಕ್ಕೆ ತಕ್ಕಂತಿದ್ದರೆ ಉತ್ತರ ತಾನಾಗಿ ತೆರೆದುಕೊಳ್ಳುತ್ತದೆ.

ಇದನ್ನು ನೆರೆಯ ತೆಲುಗರು ಬಹಳ ಮುಂಚೆ ಮಾಡಿ ತೋರಿಸಿದರು. ಭದ್ರಿರಾಜು ಕೃಷ್ಣಮೂರ್ತಿ ಅವರ ಮುಂದಾಳತ್ವದಲ್ಲಿ ಜಿಲ್ಲೆಜಿಲ್ಲೆಗಳಿಂದ ಬೇಸಾಯದ ಪದಗಳನ್ನು ಕಲೆಹಾಕಿ 1962ರಲ್ಲಿ ವೃತ್ತಿ ಪದಕೋಶದ ಮೊದಲ ಸಂಪುಟ ತಂದರು. ಕೈಮಗ್ಗದ ಪದಗಳ ಸಂಪುಟ 1971ರಲ್ಲಿ ಬಂತು. ತೊಗರಿಯ ಕಣಜ ಎನ್ನಿಸಿಕೊಂಡ ನಮ್ಮ ಜಿಲ್ಲೆಯ ತೊಗರಿ ಪದಗಳಿಗೆ ಅಂಥದೊಂದು ಪ್ರಶ್ನಾವಳಿ ಸಿದ್ಧಪಡಿಸಲು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಅವರ ಕ್ರಮವನ್ನು ಕೇಳಿ ಪಡೆದು ಇಲ್ಲಿಗೆ ಹೊಂದಿಸಿಕೊಂಡರೆ ಸಾಕು.

ಇನ್ನು ಸಲಕರಣೆಗಳ ಮಾತು. ಧ್ವನಿಯನ್ನು ಅಲೆಗಳಾಗಿ, ಬಣ್ಣದ ಪಟ್ಟಿಗಳಾಗಿ ಪರದೆಯ ಮೇಲೆ ತೋರಿಸುವ ‘ಪ್ರಾಟ್’ ಎಂಬ ತಂತ್ರಾಂಶವನ್ನು ಆಮ್‌ಸ್ಟರ್‌ಡ್ಯಾಮ್‌ನ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಮಾತಿನ ದಾಖಲೆಯ ಕೆಳಗೆ ಸಾಲುಸಾಲಾಗಿ ಲಿಪ್ಯಂತರ, ಅರ್ಥ, ಅನುವಾದ ಜೋಡಿಸಲು ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ತಯಾರಾದ ‘ಇಲಾನ್’ ಇದೆ. ದ್ರಾವಿಡ ಪದಗಳ ಮೂಲ ನೋಡಲು ಬರೋ ಮತ್ತು ಎಮಿನೊ ಅವರ ನಿಘಂಟು, 1984ರ ಎರಡನೆಯ ಆವೃತ್ತಿ, ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ತೆರೆದಿದೆ; ಐದೂವರೆ ಸಾವಿರ ನಮೂದುಗಳು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ, ಸುಮಾರು ಒಂದೂವರೆ ಲಕ್ಷ ಪದಗಳೊಂದಿಗೆ, ಯಾರು ಬೇಕಾದರೂ ಬಳಸಿಕೊಳ್ಳುವಂತೆ ಸಾರ್ವಜನಿಕವಾಗಿದೆ. ಇಷ್ಟು ಉದಾರವಾಗಿ ಕೊಟ್ಟವರಿರುವಾಗ ಪದಪಟ್ಟಿಯೊಂದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವರ ಮನಸ್ಸು ನನಗೆ ಅರ್ಥವಾಗುವುದಿಲ್ಲ.

ಆದರೆ ನಮ್ಮ ಕಡೆ ನಿಜವಾಗಿ ಎದುರಾಗುವ ಕಷ್ಟ ಸಲಕರಣೆಗಳದ್ದಲ್ಲ. ಅದು ಹಳೆಯ ಟೈಪಿಂಗ್. ಇಪ್ಪತ್ತು ವರ್ಷದ ಹಿಂದಿನ ಕನ್ನಡ ಪ್ರಬಂಧಗಳೆಲ್ಲ ಹೆಚ್ಚುಕಡಿಮೆ ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರಶೈಲಿಗಳಲ್ಲಿವೆ. ಆ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದೂ ಅದೇ. ಹುಡುಕಲು ಬರುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಉಚಿತವಾಗಿಯೂ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಬ್ಬರು ಕೂತು ತಿದ್ದಬೇಕು. ಪ್ರತಿ ವಿಭಾಗದಲ್ಲೂ ಇದನ್ನು ಬಲ್ಲ ಒಬ್ಬಿಬ್ಬರು ಇರುತ್ತಾರೆ. ಅವರು ತಿದ್ದಿಕೊಟ್ಟ ಕಡತಗಳೇ ಮುಂದಿನವರಿಗೆ ಆಸ್ತಿ.

ಧ್ವನಿಮುದ್ರಣದ ವಿಷಯದಲ್ಲೂ ಒಂದು ಮಾತು ಹೇಳಬೇಕು. ಅಜ್ಜಿಯ ಕತೆಯನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್‌ನ ಧ್ವನಿಸಂದೇಶವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಕಿವಿಗೆ ವ್ಯತ್ಯಾಸ ಕಾಣದಿರಬಹುದು. ಆದರೆ ಸೂಕ್ಷ್ಮವಾಗಿ ಅಳೆಯಹೊರಟವರಿಗೆ ಬೇಕಾದ ವಿವರಗಳಲ್ಲಿ ಒಂದು ಪಾಲು ಆಗಲೇ ಹೋಗಿರುತ್ತದೆ. ಡಬ್ಲ್ಯುಎವಿ ರೂಪದಲ್ಲಿ ಮುದ್ರಿಸಿಕೊಂಡು, ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು ಒಳ್ಳೆಯದು. ಮುದ್ರಣದ ಮೊದಲಲ್ಲೇ ಊರು, ತಾರೀಖು, ಮಾತಾಡುವವರ ಒಪ್ಪಿಗೆ ಇವನ್ನು ಬಾಯಲ್ಲೇ ಹೇಳಿಸಿಕೊಂಡರೆ ಆ ದಾಖಲೆ ಐವತ್ತು ವರ್ಷದ ನಂತರವೂ ಉಪಯೋಗಕ್ಕೆ ಬರುತ್ತದೆ.

ಕಲಬುರಗಿ ನಗರದೊಳಗೆ ಇನ್ನೊಂದು ಖಜಾನೆ ಇದೆ, ದಖನಿ ಉರ್ದು. ಬಹಮನಿಗಳು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದಾಗಿನಿಂದ ಉತ್ತರದ ಮಾತು ಇಲ್ಲಿಯ ಮಾತುಗಳ ಜೊತೆ ಸಂಸಾರ ಹೂಡಿದೆ. ‘ಅಂವ ಬರ್ತೀನಿ ಅಂತ ಅಂದ’ ಎಂಬ ಕನ್ನಡ ವಾಕ್ಯವನ್ನು ದಖನಿಯವರು ‘ವೋ ಆತೂಂ ಬೋಲ್ಕೆ ಬೋಲ್ಯಾ’ ಅನ್ನುತ್ತಾರೆ. ದಿಲ್ಲಿಯ ಉರ್ದುವಿನಲ್ಲಿ ಆಡಿದ ಮಾತಿನ ಮೊದಲು ‘ಕಿ’ ಬರುತ್ತದೆ. ದಖನಿಯಲ್ಲಿ ಆಡಿದ ಮಾತಿನ ನಂತರ ‘ಬೋಲ್ಕೆ’ ಬರುತ್ತದೆ, ನಮ್ಮ ‘ಅಂತ’ ಬರುವ ಜಾಗದಲ್ಲೇ. ‘ಅಂತ’ ಎಂಬುದು ‘ಅನ್ನು’ವಿನಿಂದ ಬಂದದ್ದು, ‘ಬೋಲ್ಕೆ’ ಎಂಬುದು ‘ಬೋಲ್’ನಿಂದ. ಪದ ಉತ್ತರದ್ದು, ವಾಕ್ಯದ ಅಡಿಪಾಯ ಈ ನೆಲದ್ದು.

ಇಂಥ ಬೆರಕೆಯ ಮೇಲೆ ಜಗತ್ತಿನಲ್ಲೇ ಹೆಸರಾದ ಅಧ್ಯಯನ ನಡೆದದ್ದು ನಮ್ಮ ನೆರೆಯಲ್ಲಿ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಅದು. ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಮನೆಗಳು ಒಂದೇ ಊರಿನಲ್ಲಿ ಶತಮಾನಗಳಿಂದ ಬಾಳಿ, ಪದಗಳು ಬೇರೆಯಾದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ ಎಂದು ಅವರು ಬರೆದರು. ಇದು ಭಾಷಾವಿಜ್ಞಾನದ ಪಠ್ಯಗಳನ್ನೆಲ್ಲ ಸೇರಿತು. ಸುಮಾರು ನಲವತ್ತು ವರ್ಷಗಳ ಮೇಲೆ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿಗೆ ಮತ್ತೆ ಹೋಗಿ, ಸಂಗತಿ ಅಷ್ಟು ಸರಳವಾಗಿಲ್ಲ ಎಂದು ತೋರಿಸಿದರು. ಅವರಿಗೆ ಅದು ಸಾಧ್ಯವಾದದ್ದು ಹಳೆಯ ಲೇಖನದ ವಾಕ್ಯಗಳು ಕೈಯಲ್ಲಿದ್ದುದರಿಂದ. ಕಲಬುರಗಿಯಲ್ಲೂ ಇದೇ ಕೆಲಸ ಕಾದಿದೆ. 1968ರ ಪದಗಳನ್ನು ಹಿಡಿದುಕೊಂಡು ಯಾರಾದರೂ ಇಂದು ಅದೇ ಓಣಿಗಳಿಗೆ ಹೋದರೆ, ಅರ್ಧ ಶತಮಾನದಲ್ಲಿ ಶಾಲೆ, ಟಿ.ವಿ., ಬೆಂಗಳೂರಿಗೆ ಗುಳೆ ಹೋಗಿ ಬಂದ ತಲೆಮಾರು ಇವೆಲ್ಲ ಮಾತನ್ನು ಎಷ್ಟು ಬದಲಿಸಿವೆ ಎಂದು ಲೆಕ್ಕ ಹಾಕಿ ಹೇಳಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಪುಸ್ತಕ, ಒಂದು ರೆಕಾರ್ಡರ್, ಓಡಾಡುವ ಕಾಲು ಸಾಕು.

ಕೇಳುವ ರೀತಿಯ ಬಗ್ಗೆಯೂ ಯೋಚಿಸಬೇಕು. ‘ಲಂಬಾಣಿ ಭಾಷೆಯ ಮೇಲಿನ ಎಲ್ಲ ಆಕರ ಕಳಿಸಿ’ ಎಂಬ ಪತ್ರಕ್ಕೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಲು ಆಗುವುದೂ ಇಲ್ಲ. ‘ನಾನು ಟ್ರೇಲ್ ಅವರ ವ್ಯಾಕರಣ ಓದಿದ್ದೇನೆ, ಕಮಲಾಪುರದ ತಾಂಡಾದಲ್ಲಿ ನಲವತ್ತು ವಾಕ್ಯ ಬರೆದುಕೊಂಡಿದ್ದೇನೆ, ಭೂತಕಾಲದ ರೂಪಗಳು ಅಲ್ಲಿಯವಕ್ಕೆ ಹೊಂದುತ್ತಿಲ್ಲ, ನಿಮ್ಮ ಕಡೆ ಹೇಗೆ?’ ಎಂದು ಬರೆದು ನೋಡಿ. ಯಾವ ವಿದ್ವಾಂಸರಾದರೂ ಕೂತು ಉತ್ತರ ಬರೆಯುತ್ತಾರೆ, ಏಕೆಂದರೆ ಅವರಿಗೂ ಆ ನಲವತ್ತು ವಾಕ್ಯ ಬೇಕು. ಕೇಳುವವರ ಕೈಯಲ್ಲಿ ಕೊಡಲಿಕ್ಕೂ ಏನಾದರೂ ಇರಬೇಕು.

ಕೇಳುವ, ಹೇಳುವ ಈ ನಂಟಿಗೆ ಕನ್ನಡದಲ್ಲಿ ದೊಡ್ಡ ಮಾದರಿ ಜಿ. ವೆಂಕಟಸುಬ್ಬಯ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು, 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದವರು. ಓದುಗರು ಪದ ಕೇಳುತ್ತಿದ್ದರು, ಅವರು ಅದರ ಮೂಲ, ಅರ್ಥ, ಬಳಕೆ ಹೇಳುತ್ತಿದ್ದರು. ಆ ಪ್ರಶ್ನೋತ್ತರಗಳೇ ಕೂಡಿ ಒಂದು ನಿಘಂಟಾಯಿತು. ನೂರೇಳು ವರ್ಷ ಬದುಕಿ 2021ರಲ್ಲಿ ಹೋದ ಆ ಹಿರಿಯರು ಪದ ಕೇಳಿದವರನ್ನು ಎಂದೂ ಸಣ್ಣವರಾಗಿ ಕಾಣಲಿಲ್ಲ.

ಹಿಂದಿನವರ ಕೆಲಸವನ್ನು ನೆನೆಯುವ ರೂಢಿಯೂ ಈ ಸೀಮೆಗೆ ಹೊಸದಲ್ಲ. ಕಲಬುರಗಿಯಿಂದ ಸೇಡಂ ಕಡೆಗೆ ಹೋದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಕನ್ನಡದ ಸೀಮೆಗೊಂದು ಬಗೆಯ ಮಾತನ್ನು ಕಂಡು ವಾಸುಕಿಗೂ ಬೇಸರ ಬಂದೀತು ಎಂದು ಹೇಳುವ ಆ ಗ್ರಂಥ, ಉಪಭಾಷೆಗಳ ಮೇಲಿನ ನಮ್ಮ ಮೊದಲ ಟಿಪ್ಪಣಿಯೂ ಹೌದು. ಅದು ತನಗಿಂತ ಹಿಂದಿನವರನ್ನು ಹೆಸರಿಸುತ್ತದೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಆಕರಗಳ ಪಟ್ಟಿ. ಕನ್ನಡದ ಮೊದಲ ಆಕರಪಟ್ಟಿ, ನಮ್ಮದೇ ಜಿಲ್ಲೆಯಲ್ಲಿ ಬರೆದದ್ದು. ಆ ಪಟ್ಟಿಯಲ್ಲಿ ಹೆಸರಿಸಿದವರ ಆ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಹೆಸರು ಬರೆದಿಟ್ಟವರಿದ್ದರು, ಓಲೆಗರಿಯ ಪ್ರತಿ ಮಾಡಿ ಇನ್ನೊಂದು ಊರಿಗೆ ಕೊಟ್ಟವರು ಸಾಲಲಿಲ್ಲ.

ಕವಿರಾಜಮಾರ್ಗವೇ 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಗುವವರೆಗೆ ಹಸ್ತಪ್ರತಿಗಳಲ್ಲಿ ಉಸಿರು ಹಿಡಿದಿತ್ತು. ಯಾರೋ ನಕಲು ಮಾಡಿದ್ದರು, ಯಾರೋ ಕಾಪಾಡಿದ್ದರು, ಕೇಳಿದಾಗ ಯಾರೋ ಕೊಟ್ಟರು. ಮಳಖೇಡದಲ್ಲಿ ಹುಟ್ಟಿದ ಗ್ರಂಥ ಉಳಿದದ್ದು ಹೀಗೆ.

ಆದ್ದರಿಂದ ನನ್ನದೊಂದು ಬೇಡಿಕೆ. ಗುಲಬರ್ಗಾ ವಿಶ್ವವಿದ್ಯಾಲಯದಿಂದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಅಥವಾ ಹೊರಗಿನಿಂದ ಬಂದು ಈ ಸೀಮೆಯ ಮಾತಿನ ಮೇಲೆ ಪದವಿ ಪಡೆದವರು ನೂರಾರು ಜನ ಇದ್ದೀರಿ. ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ಹಾಕುವ ನಿಯಮ ಬಂದ ಮೇಲಿನವು ಅಲ್ಲಿ ಸಿಗುತ್ತವೆ. ಅದಕ್ಕೆ ಹಿಂದಿನವು, ಎಂ.ಫಿಲ್. ಪ್ರಬಂಧಗಳು, ಪ್ರಬಂಧದಲ್ಲಿ ಹಿಡಿಸದೆ ಉಳಿದ ಪದಪಟ್ಟಿಗಳು, ಮುತ್ಯಾ-ಆಯಿಯರ ದನಿ ಇರುವ ಕ್ಯಾಸೆಟ್‌ಗಳು ನಿಮ್ಮ ಅಟ್ಟದ ಮೇಲೋ ಟ್ರಂಕಿನಲ್ಲೋ ಇವೆ. ಕ್ಯಾಸೆಟ್‌ಗೆ ಬೂಸು ಹತ್ತುತ್ತದೆ, ಕಾಗದಕ್ಕೆ ಗೆದ್ದಲು ಹತ್ತುತ್ತದೆ. ಈ ಬೇಸಿಗೆಯಲ್ಲಿ ಒಂದು ದಿನ ಅವನ್ನು ಕೆಳಗಿಳಿಸಿ. ಒಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದು ಪ್ರತಿಯನ್ನು ನೀವು ಮಾತು ಬರೆದುಕೊಂಡ ಊರಿನ ಕಾಲೇಜಿಗೆ ಕೊಡಿ. ಕಮಲಾಪುರದಲ್ಲಿ ಬರೆದುಕೊಂಡಿದ್ದರೆ ಕಮಲಾಪುರಕ್ಕೇ ಕೊಡಿ. ‘ಮಹಾದೇವನ್ ಅವ್ರ ಪುಸ್ತಕ’ ಯಾರ ಬಲ್ಲಿಯಾದರೂ ಇದ್ದರೆ, ಅದನ್ನು ನೋಡಲು ಕೇಳಿ ಬಂದ ಹುಡುಗಿಗೆ ದಯವಿಟ್ಟು ಇಲ್ಲ ಅನ್ನಬೇಡಿ.